ಪುಕ್ಕಟೆ ಕೊಟ್ಟು ಶ್ರೀಲಂಕಾ ಮುಳುಗಿತೇ?

ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಮದುವೆ ಮನೆಯ ಪಂಕ್ತಿಯಲ್ಲಿರಲಿ, ಬೆಳಗಿನ ವಾಯುವಿಹಾರದಲ್ಲಿರಲಿ, ಇದು ಗೊತ್ತಾದವರೆಲ್ಲ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆ ಕೇಳುತ್ತಾರೆ: ‘ಸಾರ್, ಜನರಿಗೆ ಎಲ್ಲವನ್ನೂ ಪುಕ್ಕಟೆ ಕೊಟ್ಟೇ ಅಲ್ಲವೇ ಶ್ರೀಲಂಕಾ ದಿವಾಳಿಯಾದದ್ದು? ನಮಗೂ ಅದೇ ಗತಿಯೇ?’ 2023ರಲ್ಲಿ ಕರ್ನಾಟಕದಲ್ಲಿ ಗ್ಯಾರಂಟಿ ಯೋಜನೆಗಳು ಬಂದ ಮೇಲಂತೂ ಅನೇಕರು ಉತ್ತರವನ್ನು ತಾವೇ ತಂದಿರುತ್ತಾರೆ. ನಾನು ತಲೆಯಾಡಿಸುವುದಷ್ಟೇ ಬಾಕಿ.

ಪುಕ್ಕಟೆ ಕೊಟ್ಟದ್ದರಿಂದ ಅಲ್ಲ. ತೆರಿಗೆ ಬಿಟ್ಟುಕೊಟ್ಟದ್ದರಿಂದ, ಡಾಲರ್ ಗಳಿಸದೆ ಡಾಲರಿನಲ್ಲಿ ಸಾಲ ಮಾಡಿದ್ದರಿಂದ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಸಮಯವಿದ್ದವರು ಮುಂದೆ ಓದಬಹುದು.

ಶ್ರೀಲಂಕಾದಲ್ಲಿ ಪುಕ್ಕಟೆ ಕೊಡುವುದು ಇಂದು ನಿನ್ನೆಯದಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ, 1945ರಲ್ಲಿ, ಕನ್ನಂಗರ ಎಂಬ ಶಿಕ್ಷಣ ಸಚಿವರ ಹಟದಿಂದ ಅಲ್ಲಿ ಶಾಲೆಯಿಂದ ವಿಶ್ವವಿದ್ಯಾಲಯದವರೆಗೂ ಶಿಕ್ಷಣ ಉಚಿತವಾಯಿತು. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯೂ ಉಚಿತ. ಪಡಿತರದ ಅಕ್ಕಿಯ ಕಥೆ ಇನ್ನೂ ಸ್ವಾರಸ್ಯಕರ. 1953ರಲ್ಲಿ ಹಣಕಾಸು ಸಚಿವ ಜಯವರ್ಧನೆಯವರು ಸಬ್ಸಿಡಿ ಕಡಿದು, ಒಂದಳತೆ ಅಕ್ಕಿಯ ಬೆಲೆಯನ್ನು 25 ಸೆಂಟಿನಿಂದ 70 ಸೆಂಟಿಗೆ ಏರಿಸಿದರು. ಆಗಸ್ಟ್ 12ರಂದು ದೇಶವೇ ಹರತಾಳ ಹೂಡಿತು. ರೈಲು ಹಳಿ ಕಿತ್ತುಹಾಕಿದರು, ಗೋಲಿಬಾರ್ ನಡೆಯಿತು. ಸಚಿವ ಸಂಪುಟ ಸಭೆ ಸೇರಿದ್ದು ಎಲ್ಲಿ ಗೊತ್ತೇ? ಕೊಲಂಬೊ ಬಂದರಿನಲ್ಲಿ ನಿಂತಿದ್ದ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ! ಎರಡು ತಿಂಗಳಲ್ಲಿ ಪ್ರಧಾನಿ ಡಡ್ಲಿ ಸೇನಾನಾಯಕೆ ರಾಜೀನಾಮೆ ಕೊಟ್ಟರು. ಆ ಬಳಿಕ ಎರಡು ದಶಕಕ್ಕೂ ಹೆಚ್ಚು ಕಾಲ ಪಡಿತರವನ್ನು ಪೂರ್ತಿ ಕಿತ್ತುಹಾಕುವ ಧೈರ್ಯ ಯಾರಿಗೂ ಬರಲಿಲ್ಲ.

ಮುಂದೆ ಅದನ್ನು ಕಿತ್ತುಹಾಕಿದವರೂ ಅದೇ ಜಯವರ್ಧನೆಯವರೇ. 1977ರಲ್ಲಿ ಅಧಿಕಾರಕ್ಕೆ ಬಂದು ಮಾರುಕಟ್ಟೆ ತೆರೆದರು. 1979ರಲ್ಲಿ ಪಡಿತರದ ಬದಲು ಬಡವರಿಗೆ ಮಾತ್ರ ಆಹಾರ ಚೀಟಿ ಎಂದಾಯಿತು. 1995ರಲ್ಲಿ ಬಂದ ‘ಸಮೃದ್ಧಿ’ ಯೋಜನೆಯ ನಗದು ನೆರವು ಬಿಕ್ಕಟ್ಟಿನ ಹೊಸ್ತಿಲಲ್ಲಿ ಜಿಡಿಪಿಯ ಶೇ. ಅರ್ಧದಷ್ಟೂ ಇರಲಿಲ್ಲ. ಅಂದರೆ ದೇಶ ದಿವಾಳಿಯಾದದ್ದು ಬಡವರ ನೆರವು ಸೊರಗಿ ಕಡ್ಡಿಯಾಗಿದ್ದ ಕಾಲದಲ್ಲಿ. ಅನ್ನ ಹಾಕಿದ್ದರಿಂದಲೇ ಮುಳುಗುವುದಾಗಿದ್ದರೆ ಐವತ್ತು ವರ್ಷ ಮೊದಲೇ ಮುಳುಗಬೇಕಿತ್ತು.

ಹಾಗಾದರೆ ಖಜಾನೆ ಬರಿದಾದದ್ದು ಹೇಗೆ? 2019ರ ನವೆಂಬರಿನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾದರು. ಬಂದ ತಿಂಗಳೊಪ್ಪತ್ತಿನಲ್ಲೇ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿದರು. ವರ್ಷಕ್ಕೆ 1.2 ಕೋಟಿ (ಶ್ರೀಲಂಕಾದ) ರೂಪಾಯಿ ವಹಿವಾಟಿದ್ದರೆ ಕಟ್ಟಬೇಕಾಗಿದ್ದ ಆ ತೆರಿಗೆ, 30 ಕೋಟಿ ದಾಟಿದವರಿಗೆ ಮಾತ್ರ ಎಂದಾಯಿತು. ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದ ಆದಾಯ ತೆರಿಗೆಯ ಪದ್ಧತಿ ರದ್ದಾಯಿತು. ಜಿಡಿಪಿಯ ಶೇ. 12ರ ಹತ್ತಿರವಿದ್ದ ತೆರಿಗೆ ಆದಾಯ ಒಂದೇ ವರ್ಷದಲ್ಲಿ ಸುಮಾರು ಶೇ. 8ಕ್ಕೆ ಕುಸಿಯಿತು. 2020ರಲ್ಲಿ ಸರ್ಕಾರಕ್ಕೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಬರಿ ಬಡ್ಡಿಗೇ ಹೋಯಿತು. ಇದೂ ಪುಕ್ಕಟೆ ಕೊಡುಗೆಯೇ. ಪಡೆದವರು ಅಂಗಡಿ, ಕಂಪನಿ, ಕಾರು ಇದ್ದವರು. ಆದ್ದರಿಂದ ಅದಕ್ಕೆ ‘ಆರ್ಥಿಕ ಉತ್ತೇಜನ’ ಎಂಬ ಗೌರವದ ಹೆಸರು ಸಿಕ್ಕಿತು.

ಆದರೆ ತೆರಿಗೆ ಕಡಿಮೆಯಾದರೆ ರೂಪಾಯಿಯ ಕೊರತೆ ಬೀಳುತ್ತದೆ. ರೂಪಾಯಿಯನ್ನು ಅಚ್ಚು ಹಾಕಬಹುದು, ಹಾಕಿದರು ಕೂಡ. ಡಾಲರನ್ನು ಅಚ್ಚು ಹಾಕುವ ಹಾಗಿಲ್ಲ. ನನ್ನ ಕಸುಬಿನ ಜಾಗ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಪೆಟ್ರೋಲ್, ಅಡುಗೆ ಅನಿಲ, ಗೋಧಿ, ಔಷಧಿ ಎಲ್ಲವೂ ಆ ದ್ವೀಪಕ್ಕೆ ಹಡಗಿನಲ್ಲೇ ಬರಬೇಕು. ಚಹಾ ಬೆಳೆದು ಜಗತ್ತಿಗೆ ಕುಡಿಸುವ ದೇಶದಲ್ಲಿ ಚಹಾಕ್ಕೆ ಹಾಕುವ ಹಾಲಿನ ಪುಡಿಯ ಬಹುಪಾಲು ನ್ಯೂಜಿಲೆಂಡಿನದು. ಇವಕ್ಕೆಲ್ಲ ಬೇಕಾದ ಡಾಲರ್ ನಾಲ್ಕು ಕಡೆಯಿಂದ ಬರುತ್ತಿತ್ತು: ಸಿದ್ಧ ಉಡುಪು, ಚಹಾ, ಪ್ರವಾಸಿಗರು, ಕೊಲ್ಲಿ ದೇಶಗಳಲ್ಲಿ ಮನೆಗೆಲಸ ಮಾಡುವ ಹೆಂಗಸರೂ ಸೇರಿದಂತೆ ಹೊರಗೆ ದುಡಿಯುವವರು ಕಳುಹಿಸುವ ಹಣ. ಸಾಲದಿದ್ದುದನ್ನು ಸಾಲದಿಂದ ತುಂಬಿಸಿಕೊಳ್ಳುತ್ತಿದ್ದರು. ಮೊದಲು ಅದು ವಿಶ್ವ ಬ್ಯಾಂಕ್, ಜಪಾನ್ ಕೊಡುವ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ. 2007ರಿಂದ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಸಾಲಪತ್ರ, ಮಾರತೊಡಗಿದರು. ಬಡ್ಡಿ ಹೆಚ್ಚು, ಅವಧಿ ಕಡಿಮೆ, ಅವಧಿ ಮುಗಿದ ದಿನ ಅಸಲನ್ನು ಒಂದೇ ಗಂಟಿನಲ್ಲಿ ಕೊಡಬೇಕು. ಹಳೆಯ ಬಾಂಡ್ ತೀರಿಸಲು ಹೊಸದನ್ನು ಮಾರುವುದೇ ವ್ಯವಸ್ಥೆಯಾಯಿತು. 2019ರ ಈಸ್ಟರ್ ದಿನದ ಬಾಂಬ್ ದಾಳಿ, ಮರುವರ್ಷದ ಕೋವಿಡ್, ಎರಡೂ ಸೇರಿ ಪ್ರವಾಸೋದ್ಯಮದ ಡಾಲರನ್ನು ನಿಲ್ಲಿಸಿದವು. ತೆರಿಗೆ ಬಿಟ್ಟುಕೊಟ್ಟ ಸರ್ಕಾರವನ್ನು ಕಂಡ ಮಾರುಕಟ್ಟೆ 2020ರಲ್ಲಿ ಬಾಗಿಲು ಹಾಕಿತು.

ಸಾಲ ಕೊಟ್ಟು ಚೀನಾವೇ ಸಿಕ್ಕಿಸಿಹಾಕಿತು ಎಂಬ ‘ಚೀನಾ ಬಲೆ’ಯ ಬಗ್ಗೆಯೂ ಕೇಳುತ್ತಾರೆ. ಹೊರಸಾಲದಲ್ಲಿ ಚೀನಾದ ಪಾಲು ಸುಮಾರು ಐದರಲ್ಲಿ ಒಂದು. ಬಾಂಡುಗಳದ್ದು ಮೂರರಲ್ಲಿ ಒಂದಕ್ಕೂ ಹೆಚ್ಚು. ಚೀನಾದ ಸಾಲದಲ್ಲಿ ಕಟ್ಟಿದ ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಕ್ಕೆ ಚೀನೀ ಕಂಪನಿಗೆ ಗುತ್ತಿಗೆ ಕೊಟ್ಟಾಗ ಬಂದ 112 ಕೋಟಿ ಡಾಲರ್ ಆ ಬಂದರಿನ ಸಾಲಕ್ಕೆ ಜಮೆಯಾಗಲಿಲ್ಲ. ಅದು ವಿದೇಶಿ ವಿನಿಮಯದ ಮೀಸಲಿಗೆ ಹೋಯಿತು. ಬಂದರಿನ ಸಾಲ ಹಾಗೆಯೇ ಉಳಿಯಿತು. ಹಡಗೇ ಸುಳಿಯದ ಬಂದರು ಕಟ್ಟಿದ್ದು ತಪ್ಪಲ್ಲ ಎನ್ನುತ್ತಿಲ್ಲ. ಕತ್ತು ಹಿಸುಕಿದ ಕೈ ಅದಲ್ಲ, ಅಷ್ಟೆ.

ಇನ್ನು ರೂಪಾಯಿಯ ಪ್ರತಿಷ್ಠೆಯ ಪ್ರಸಂಗ. ಕೇಂದ್ರ ಬ್ಯಾಂಕು 2021ರ ಸೆಪ್ಟೆಂಬರಿನಿಂದ 2022ರ ಮಾರ್ಚಿನವರೆಗೆ ಡಾಲರಿಗೆ ಸುಮಾರು 200 ರೂಪಾಯಿ ಎಂದು ಬಿಗಿಹಿಡಿದು ಕುಳಿತಿತು. ಹೊರಗಿನ ದರ ಅದಕ್ಕಿಂತ ಎಷ್ಟೋ ಮೇಲಿತ್ತು. ಕುವೈತಿನಲ್ಲಿ ಪಾತ್ರೆ ತಿಕ್ಕಿ ಗಳಿಸಿದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ನಷ್ಟ, ‘ಉಂಡಿಯಲ್’ ಎಂಬ ಹುಂಡಿ ವ್ಯವಹಾರದವನ ಮೂಲಕ ಕಳುಹಿಸಿದರೆ ಲಾಭ. ಆ ಹೆಂಗಸು ಯಾವುದನ್ನು ಆರಿಸಬೇಕು? 2020ರಲ್ಲಿ 710 ಕೋಟಿ ಡಾಲರ್ ಇದ್ದ ಈ ಹರಿವು ಮರುವರ್ಷ 550 ಕೋಟಿಗೆ, 2022ರಲ್ಲಿ 380 ಕೋಟಿಗೆ ಇಳಿಯಿತು. ದೇಶಭಕ್ತಿಯ ಭಾಷಣದಿಂದ ವಿನಿಮಯ ದರ ನಿಲ್ಲುವುದಿಲ್ಲವೆಂದು ಯಾವ ಬ್ಯಾಂಕಿನ ಗುಮಾಸ್ತನಾದರೂ ಹೇಳುತ್ತಿದ್ದ.

ಡಾಲರ್ ಉಳಿಸಲು ಆಮದನ್ನೇ ನಿಷೇಧಿಸುತ್ತ ಹೋದರು. ಕಾರು ನಿಂತಿತು, ಹಳೆಯ ಕಾರಿನ ಬೆಲೆ ಗಗನಕ್ಕೇರಿತು. ಅರಿಸಿನ ನಿಂತಿತು; ತಮಿಳುನಾಡಿನ ಕರಾವಳಿಯಿಂದ ರಾತ್ರಿ ದೋಣಿಗಳಲ್ಲಿ ಅರಿಸಿನದ ಮೂಟೆಗಳು ಕಳ್ಳಸಾಗಣೆಯಾಗತೊಡಗಿದವು. 2021ರಲ್ಲಿ ರಾಸಾಯನಿಕ ಗೊಬ್ಬರದ ಸರದಿ. ‘ಸಾವಯವ ಕೃಷಿ ಮಾಡಿ ಹಾಳಾದರು’ ಎನ್ನುವವರಿಗೂ ಇಲ್ಲೇ ಉತ್ತರವಿದೆ: ಹಸಿರು ಮಾತಿನ ಹಿಂದೆ ಗೊಬ್ಬರದ ಆಮದಿಗೆ ಡಾಲರ್ ಇಲ್ಲದ ಇಕ್ಕಟ್ಟೂ ಇತ್ತು. ಒಂದು ಹಂಗಾಮಿನ ಭತ್ತ ಕೈಕೊಟ್ಟಿತು, ಚಹಾದ ಇಳುವರಿ ಬಿತ್ತು, ಉಳಿಸಹೊರಟ ಡಾಲರನ್ನೇ ತೆತ್ತು ಅಕ್ಕಿ ತರಿಸಬೇಕಾಯಿತು. ನವೆಂಬರಿನಲ್ಲಿ ನಿಷೇಧ ಹಿಂತೆಗೆದರು.

ನನಗೆ ಇಂದಿಗೂ ಸಿಟ್ಟು ಬರಿಸುವ ದಿನ 2022ರ ಜನವರಿ 18. ಬ್ಯಾಂಕುಗಳು ಎಲ್‌ಸಿ (ಆಮದಿನ ಹಣ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವ ಖಾತರಿ ಪತ್ರ) ತೆರೆಯಲಾಗದೆ, ಆಹಾರ ತುಂಬಿದ ಕಂಟೇನರ್‌ಗಳು ಕೊಲಂಬೊ ಬಂದರಿನಲ್ಲೇ ಕೊಳೆಯುತ್ತಿದ್ದಾಗ ಸರ್ಕಾರ 50 ಕೋಟಿ ಡಾಲರಿನ ಬಾಂಡನ್ನು ಪೂರ್ತಿ ತೀರಿಸಿತು. ಮೂರು ತಿಂಗಳೂ ತುಂಬುವ ಮೊದಲು, ಏಪ್ರಿಲ್ 12ರಂದು, ಇನ್ನು ಹೊರಸಾಲ ಕಟ್ಟಲಾಗದು ಎಂದು ಕೈಚೆಲ್ಲಿತು. ಜನವರಿಯಲ್ಲೇ ಆ ಮಾತು ಆಡಿದ್ದರೆ ಅಷ್ಟು ಡಾಲರಿಗೆ ಅನಿಲ, ಔಷಧಿ ಬರುತ್ತಿತ್ತು. ಹಿಂದಿನ ಅಕ್ಟೋಬರಿನ ಮೊದಲು 1,493 ರೂಪಾಯಿ ಇದ್ದ 12.5 ಕಿಲೋ ಅನಿಲದ ಸಿಲಿಂಡರ್ ಏಪ್ರಿಲ್ ಕೊನೆಗೆ 4,860 ಆಗಿತ್ತು. ಪೆಟ್ರೋಲ್ ಸಾಲಿನಲ್ಲಿ ನಿಂತಲ್ಲೇ ಜನ ಸತ್ತರು. ಆಟೋಗೆ ವಾರಕ್ಕೆ ಐದು ಲೀಟರ್ ಎಂಬ ಕ್ಯೂಆರ್ ಪಡಿತರ ಬಂತು. ಚಹಾ ತೋಟದ ಕೂಲಿಕಾರರಿಗೆ ಸಾವಿರ ರೂಪಾಯಿ ದಿನಗೂಲಿ ನಿಗದಿಯಾದಾಗ ಅದು ಐದು ಡಾಲರ್. ಒಂದು ವರ್ಷದ ಬಳಿಕ ಮೂರಕ್ಕೂ ಕಡಿಮೆ.

ಈಗ ‘ನಮಗೂ ಅದೇ ಗತಿಯೇ’ ಎಂಬ ಭಾಗ. ಕರ್ನಾಟಕಕ್ಕೆ ತನ್ನದೇ ನಾಣ್ಯವಿಲ್ಲ, ಅದರ ಸಾಲ ಹೆಚ್ಚುಕಡಿಮೆ ಪೂರ್ತಿ ರೂಪಾಯಿಯದು, ಮಂಗಳೂರಿಗೆ ಬರುವ ಕಚ್ಚಾ ತೈಲದ ಡಾಲರನ್ನು ವಿಧಾನಸೌಧ ಹೊಂದಿಸಬೇಕಾಗಿಲ್ಲ. ಆದ್ದರಿಂದ ರಾಜ್ಯವೊಂದು ಶ್ರೀಲಂಕಾ ಆಗುವುದು ಆಗದ ಮಾತು. ಹಾಗೆಂದು ಲೆಕ್ಕ ಕೇಳಬಾರದೆಂದಲ್ಲ. ರಾಜ್ಯ ಕೆಡುವ ಬಗೆ ಬೇರೆ: ಗುತ್ತಿಗೆದಾರರ ಬಿಲ್ ಬಾಕಿ ಬೀಳುತ್ತದೆ, ಶಿಕ್ಷಕರ ಹುದ್ದೆ ಖಾಲಿ ಉಳಿಯುತ್ತದೆ, ರಸ್ತೆಗೆ ಎಂದು ತಂದ ಸಾಲ ದಿನದ ಖರ್ಚಿಗೆ ಸೋರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರದ ಬಗ್ಗೆ ಕೇಳುವವರು ಅದಕ್ಕೆ ಹಣ ಎಲ್ಲಿಂದ ಎಂದು ಕೇಳಲಿ, ಕೇಳಲೇಬೇಕು. ಉದ್ಯಮಗಳಿಗೆ ಬಿಟ್ಟುಕೊಟ್ಟ ತೆರಿಗೆಯ ಲೆಕ್ಕವನ್ನೂ ಅದೇ ದನಿಯಲ್ಲಿ ಕೇಳಿದರೆ ಅವರ ಜೊತೆ ಇನ್ನೊಂದು ಸುತ್ತು ನಡೆಯಲು ನಾನು ತಯಾರು.

‘ಈಗ ಸರಿಹೋಯಿತಂತಲ್ಲ?’ ಎಂಬುದು ಇತ್ತೀಚಿನ ಸೇರ್ಪಡೆ. ಒಂದು ಹಂತದಲ್ಲಿ ಶೇ. 70ರ ಸಮೀಪ ಹೋಗಿದ್ದ ಹಣದುಬ್ಬರ ಇಳಿದಿದೆ. 2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರ್ ಮಂಜೂರು ಮಾಡಿತು. ಆ ದೇಶ ನಿಧಿಯ ಬಾಗಿಲಿಗೆ ಹೋದದ್ದು ಅದು ಹದಿನೇಳನೆಯ ಸಲ. ಶೇ. 8ಕ್ಕೆ ಇಳಿಸಿದ್ದ ಮೌಲ್ಯವರ್ಧಿತ ತೆರಿಗೆ 2024ರ ಜನವರಿಯಿಂದ ಶೇ. 18. ವಿದ್ಯುತ್ ದರವನ್ನು 2022ರ ಆಗಸ್ಟಿನಲ್ಲಿ ಸರಾಸರಿ ಶೇ. 75ರಷ್ಟು, ಆರು ತಿಂಗಳಲ್ಲಿ ಮತ್ತೆ ಶೇ. 66ರಷ್ಟು ಏರಿಸಿದರು. 2019ರಲ್ಲಿ ಶೇ. 11ರ ಆಸುಪಾಸಿನಲ್ಲಿದ್ದ ಬಡತನ 2024ರಲ್ಲೂ ಅದರ ಇಮ್ಮಡಿಗಿಂತ ಹೆಚ್ಚಿತ್ತು. ಕಾರುಗಳ ಆಮದು 2025ರಲ್ಲಿ ಮತ್ತೆ ಶುರುವಾಗಿದೆ.