ಬರೆಯಲ್ಲ, ನಟಿಸಲ್ಲ, ಹಾಗಾದ್ರೆ ಟಿವಿ ಸ್ಟುಡಿಯೋದವರು ಮಾಡೋದೇನು?

ಟಿವಿ ಸ್ಟುಡಿಯೋದ ಕಥಾ ವಿಭಾಗ ನೋಡಿಕೊಳ್ಳುತ್ತೇನೆ ಅಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. "ಕಥೆ ನೀವೇ ಬರೀತೀರಾ?" ಇಲ್ಲ. "ನಿರ್ದೇಶನ?" ಅದೂ ಇಲ್ಲ. "ಮತ್ತೆ ಏನ್ ಕೆಲಸ ನಿಮ್ದು?" ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇನೆ. ಒಮ್ಮೆ ಕೂತು ಸರಿಯಾಗಿ ಹೇಳಿಬಿಡುತ್ತೇನೆ.

ಸ್ಟುಡಿಯೋ ಬೇರೆ, ಚಾನೆಲ್ ಬೇರೆ. ಸ್ಟುಡಿಯೋ ಧಾರಾವಾಹಿ ತಯಾರಿಸುತ್ತದೆ, ಚಾನೆಲ್ ಅದನ್ನು ತೋರಿಸುತ್ತದೆ. ಅಮೆರಿಕದಲ್ಲಿ ಬಹಳ ಕಾಲ ನಡೆದ ಪದ್ಧತಿ ಏನೆಂದರೆ, ಒಂದು ಎಪಿಸೋಡಿಗೆ ಚಾನೆಲ್ ಕೊಡುವ ಹಣ ಅದರ ಖರ್ಚಿಗೆ ಸಾಲುತ್ತಿರಲಿಲ್ಲ. ಉಳಿದದ್ದನ್ನು ಸ್ಟುಡಿಯೋ ತನ್ನ ಕೈಯಿಂದ ಹಾಕಬೇಕಿತ್ತು. ಸುಮಾರು 100 ಎಪಿಸೋಡ್ ಆದಮೇಲೆ ಮರುಪ್ರಸಾರಕ್ಕೆ ಮಾರಿದರೆ ಮಾತ್ರ ಆ ದುಡ್ಡು ವಾಪಸ್. ಅಂದರೆ ವರ್ಷಗಟ್ಟಲೆ ನಷ್ಟ ನುಂಗಿಕೊಂಡು ಕಾಯಬೇಕು. ಯಾವ ಕಥೆಗಾಗಿ ಕಾಯಬೇಕು ಅಂತ ತೀರ್ಮಾನಿಸೋದೇ ನಮ್ಮ ಕೆಲಸ.

ಇದಕ್ಕೆ ನನಗೆ ಸದಾ ನೆನಪಾಗುವವರು ಅಮೆರಿಕದ ಲೂಸಿಲ್ ಬಾಲ್. ಎಲ್ಲರಿಗೂ ಅವರು ನಗಿಸುವ ನಟಿಯಾಗಿ ಗೊತ್ತು. 1951ರಲ್ಲಿ ಅವರ ಹಾಸ್ಯ ಧಾರಾವಾಹಿ 'ಐ ಲವ್ ಲೂಸಿ' ಶುರುವಾದಾಗ ಅವರು ಮತ್ತು ಗಂಡ ಡೆಸಿ ಅರ್ನಾಜ್, ಸಿನಿಮಾಕ್ಕೆ ಬಳಸುವ 35 ಎಂಎಂ ಫಿಲ್ಮಿನಲ್ಲೇ ಚಿತ್ರೀಕರಣ ಆಗಬೇಕು ಅಂತ ಹಟ ಹಿಡಿದರು. ಖರ್ಚು ಜಾಸ್ತಿ ಆಗುತ್ತಿತ್ತು. ಸಂಬಳ ಕಡಿಮೆ ಮಾಡಿಕೊಂಡರು, ಬದಲಿಗೆ ಆ ಫಿಲ್ಮಿನ ಹಕ್ಕು ತಮ್ಮದೇ ಸ್ಟುಡಿಯೋ ಆದ ಡೆಸಿಲು ಕಂಪನಿಗೆ ಇಟ್ಟುಕೊಂಡರು. ಆಗ ಮರುಪ್ರಸಾರಕ್ಕೆ ಬೆಲೆ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಮುಂದೆ ಆ ಹಕ್ಕಿನಿಂದಲೇ ಡೆಸಿಲು ಬೆಳೆಯಿತು.

ಮದುವೆ ಮುರಿದಮೇಲೆ, 1962ರಲ್ಲಿ, ಅರ್ನಾಜ್ ಪಾಲನ್ನು ಕೊಂಡು ಆಕೆಯೇ ಕಂಪನಿಯ ಅಧ್ಯಕ್ಷೆಯಾದರು. ಬಾಹ್ಯಾಕಾಶದ ಕಥೆಯ 'ಸ್ಟಾರ್ ಟ್ರೆಕ್' ಧಾರಾವಾಹಿ ಬಂದದ್ದು ಆಕೆಯ ಕಾಲದಲ್ಲೇ. ಮೊದಲ ಪೈಲಟ್ ಎಪಿಸೋಡನ್ನು, ಅಂದರೆ ಚಾನೆಲ್ಲಿಗೆ ತೋರಿಸಲು ಮಾಡುವ ಮಾದರಿ ಎಪಿಸೋಡನ್ನು, ಎನ್‌ಬಿಸಿ ಚಾನೆಲ್ ಬೇಡ ಅಂದಿತು, ಆದರೆ ಇನ್ನೊಂದು ಮಾಡಿ ತೋರಿಸಿ ಎಂದಿತು. ಇಷ್ಟು ದುಬಾರಿ ಕಥೆ ನಮಗೇಕೆ ಅನ್ನುವ ಮಾತು ಕಂಪನಿಯ ಒಳಗೇ ಇತ್ತು. ಆಕೆ ಕೈಬಿಡಲಿಲ್ಲ. 1966ರ ಸೆಪ್ಟೆಂಬರಿನಲ್ಲಿ ಅದು ಪ್ರಸಾರವಾಯಿತು. ಮರುವರ್ಷವೇ ಆಕೆ ಡೆಸಿಲು ಮಾರಿದರು, ಹಾಗಾಗಿ ಅದರ ದೊಡ್ಡ ಲಾಭ ಬೇರೆಯವರ ಪಾಲಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ದಿನದ ಕೆಲಸ ಹೇಗಿರುತ್ತದೆ ಅಂದರೆ, ಮುಕ್ಕಾಲು ಪಾಲು ಓದುವುದು. ಸ್ಕ್ರಿಪ್ಟ್ ಓದಿ, ಬರಹಗಾರರ ಜೊತೆ ಕೂತು, ಎಲ್ಲಿ ಕಥೆ ಜಗ್ಗುತ್ತಿದೆ ಅಂತ ಹೇಳಬೇಕು. ಇದಕ್ಕೆ ನೋಟ್ಸ್ ಕೊಡೋದು ಅನ್ನುತ್ತೇವೆ. ನಾನು ಹೊಸಬಳಾಗಿದ್ದಾಗ ಒಂದು ದೃಶ್ಯ ಬಂದಿತ್ತು. ಮಗಳು ಮನೆ ಬಿಟ್ಟು ಹೊರಟಿದ್ದಾಳೆ, ತಾಯಿ ಬಾಗಿಲಲ್ಲಿ ನಿಂತು ಒಂದು ಪುಟ ಮಾತಾಡುತ್ತಾಳೆ. ಚೆನ್ನಾಗಿತ್ತು, ಆದರೆ ಮನಸ್ಸಿಗೆ ತಾಗಲಿಲ್ಲ. ನಾನು ಹೊಸ ಸಂಭಾಷಣೆಯನ್ನೇ ಬರೆದುಕೊಂಡು ಹೋಗಿದ್ದೆ. ನನ್ನ ಮೇಲಿನವರು ಆ ಹಾಳೆ ತೆಗೆದು ಪಕ್ಕಕ್ಕಿಟ್ಟರು. ಬರಹಗಾರರನ್ನು ಒಂದೇ ಮಾತು ಕೇಳಿದರು: "ಈ ತಾಯಿಗೆ ಮಗಳು ಹೋಗೋದು ಬೇಕಾ, ಬೇಡ್ವಾ?" ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಮರುದಿನ ಬಂದ ದೃಶ್ಯದಲ್ಲಿ ತಾಯಿ ಮಾತೇ ಆಡುವುದಿಲ್ಲ. ಮಗಳ ಚೀಲದ ಕಿತ್ತುಹೋದ ಪಟ್ಟಿಗೆ ಗಂಟು ಹಾಕಿ ಕೊಡುತ್ತಾಳೆ, ಅಷ್ಟೇ. ಆಮೇಲೆ ನಾನು ಯಾರಿಗೂ ಸಂಭಾಷಣೆ ಬರೆದುಕೊಟ್ಟಿಲ್ಲ.

ಚಾನೆಲ್ ಕಡೆಯವರ ಕೆಲಸವೂ ಇದಕ್ಕೆ ಹತ್ತಿರದ್ದೇ. 1982ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ ಹಾಸ್ಯ ಧಾರಾವಾಹಿ 'ಚಿಯರ್ಸ್' ಮೊದಲ ವರ್ಷ ರೇಟಿಂಗ್ ಪಟ್ಟಿಯ ತಳದಲ್ಲಿತ್ತು. ಆಗ ಚಾನೆಲ್ಲಿನ ಮುಖ್ಯಸ್ಥರಾಗಿದ್ದ ಗ್ರಾಂಟ್ ಟಿಂಕರ್ ಮತ್ತು ಬ್ರ್ಯಾಂಡನ್ ಟಾರ್ಟಿಕಾಫ್ ಅದನ್ನು ನಿಲ್ಲಿಸಲಿಲ್ಲ. 11 ಸೀಸನ್ ನಡೆಯಿತು. 1989ರಲ್ಲಿ ಇನ್ನೊಂದು ಹಾಸ್ಯ ಧಾರಾವಾಹಿ 'ಸೈನ್‌ಫೆಲ್ಡ್'ನ ಪೈಲಟ್ ನೋಡಿದ ಪರೀಕ್ಷಾ ಪ್ರೇಕ್ಷಕರಿಗೆ ಅದು ಹಿಡಿಸಲಿಲ್ಲ. ಎನ್‌ಬಿಸಿಯ ರಿಕ್ ಲಡ್ವಿನ್ ತಡರಾತ್ರಿ ಮತ್ತು ವಿಶೇಷ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದವರು, ಧಾರಾವಾಹಿ ಅವರ ವಿಭಾಗವೇ ಅಲ್ಲ. ಆದರೂ ತಮ್ಮ ಬಜೆಟ್ಟಿನಿಂದ ಹಣ ತೆಗೆದು ಇನ್ನೂ ನಾಲ್ಕು ಎಪಿಸೋಡ್ ಮಾಡಿಸಿದರು. ಬರೀ ನಾಲ್ಕು! ಅದು 1998ರ ತನಕ ನಡೆಯಿತು. ತೆರೆಯ ಮೇಲೆ ಕಾಣದ ಇಂಥ ಧೈರ್ಯ ನನಗೆ ಬಹಳ ದೊಡ್ಡದು.

ತಪ್ಪು ಆಗೋದಿಲ್ವಾ ಅಂದ್ರೆ, ಆಗುತ್ತದೆ. ಜಾಸ್ತಿಯೇ ಆಗುತ್ತದೆ. ಪೈಲಟ್ ಆದದ್ದರಲ್ಲಿ ಹೆಚ್ಚಿನವು ಧಾರಾವಾಹಿ ಆಗುವುದೇ ಇಲ್ಲ. ಕುರ್ಚಿಯೂ ಶಾಶ್ವತ ಅಲ್ಲ.

ಈ ಕೆಲಸಕ್ಕೆ ಬರೋದು ಹೇಗೆ ಅಂತಲೂ ಕೇಳುತ್ತಾರೆ. ಒಂದೇ ದಾರಿ ಅಂತಿಲ್ಲ. ಅಮೆರಿಕದ ಚಾನೆಲ್ಲುಗಳಲ್ಲಿ ಕಾರ್ಯಕ್ರಮಗಳನ್ನು ಆರಿಸುತ್ತಿದ್ದ ಫ್ರೆಡ್ ಸಿಲ್ವರ್‌ಮನ್ ಎಂಎ ಪ್ರಬಂಧ ಬರೆದದ್ದೇ ಎಬಿಸಿ ಚಾನೆಲ್ಲಿನ ಕಾರ್ಯಕ್ರಮಗಳ ಮೇಲೆ. 25ನೇ ವಯಸ್ಸಿಗೆ ಸಿಬಿಎಸ್ ಚಾನೆಲ್ಲಿನ ಹಗಲು ಕಾರ್ಯಕ್ರಮಗಳು ಅವರ ಕೈಗೆ ಬಂದವು. ಹೆಚ್ಚಿನವರು ಮಾತ್ರ ಯಾರದ್ದೋ ಸಹಾಯಕರಾಗಿ ಸೇರಿ, ಬಂದ ಸ್ಕ್ರಿಪ್ಟಿಗೆಲ್ಲ ಒಂದೆರಡು ಪುಟದ ವರದಿ ಬರೆಯುತ್ತಾ ಕಲಿಯುತ್ತಾರೆ. ನಾನೂ ಹಾಗೇ ಬಂದವಳು. ನಮ್ಮಲ್ಲಿಗೆ ಹೊಸಬರು ಬಂದಾಗ ಮೊದಲ ವಾರ ಸ್ಕ್ರಿಪ್ಟ್ ಜೊತೆ ಪೆನ್ಸಿಲ್ ಕೊಡುವುದಿಲ್ಲ. ಗುರುತು ಹಾಕದೆ ಕೊನೆ ತನಕ ಓದಿ, ಎಲ್ಲಿ ಪುಟ ತಿರುವಲು ಮನಸ್ಸಾಗಲಿಲ್ಲ ಅಂತ ಮಾತ್ರ ಬಂದು ಹೇಳಿ ಅನ್ನುತ್ತೇನೆ.