ಮಗಳನ್ನು ಬೇರೆ ಮಲಗಿಸಿದಾಗ ಅಳಲಿಲ್ವಾ?

ಮಗಳು ಈಗ ತನ್ನ ಹಾಸಿಗೆಯಲ್ಲಿ ತಾನೇ ಮಲಗುತ್ತಾಳೆ ಅಂತ ಬಾಯಿ ತಪ್ಪಿ ಹೇಳಿದರೆ ಸಾಕು, ಎರಡು ಪ್ರಶ್ನೆ ಒಟ್ಟಿಗೇ ಬರುತ್ತವೆ. ಎಷ್ಟು ವರ್ಷಕ್ಕೆ ಶುರು ಮಾಡಿದ್ರಿ? ಅಳಲಿಲ್ವಾ?

ಅತ್ತಳು. ಶುರು ಮಾಡಿದ್ದು ಎರಡೂಕಾಲು ವರ್ಷಕ್ಕೆ. ಆದರೆ ವಯಸ್ಸಿಗಿಂತ ದೊಡ್ಡ ವಿಷಯ ಬೇರೆ ಇದೆ.

ಅವಳಿಗೆ ನನ್ನ ಕಿವಿ ಬೇಕಿತ್ತು. ಅದೂ ಬಲಗಿವಿಯೇ. ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜುತ್ತಾ ಉಜ್ಜುತ್ತಾ ನಿದ್ದೆ ಹೋಗುತ್ತಿದ್ದಳು. ಬೆರಳು ಸಡಿಲವಾದ ಮೇಲೆ ನಾನು ಉಸಿರು ಬಿಗಿಹಿಡಿದು, ಕಳ್ಳ ಬೆಕ್ಕಿನ ಹಾಗೆ ಎದ್ದು ಬರುತ್ತಿದ್ದೆ. ಮೊಣಕಾಲು ಲಟಕ್ ಅಂದರೆ ಮುಗೀತು, ಮತ್ತೆ ಮೊದಲಿನಿಂದ. ಇಷ್ಟೆಲ್ಲ ಮಾಡಿದರೂ ಹನ್ನೊಂದಕ್ಕೆ ಅಳು, ಒಂದೂವರೆಗೆ ಅಳು, ಮೂರಕ್ಕೆ ಅಳು. ಹಸಿವಲ್ಲ, ಜ್ವರವಲ್ಲ. ಕತ್ತಲಲ್ಲಿ ಕೈ ಮಾತ್ರ ದಿಂಬಿನ ಮೇಲೆ ಕಿವಿ ಹುಡುಕುತ್ತಿತ್ತು.

ರಾತ್ರಿಯಿಡೀ ಯಾರೂ ಒಂದೇ ಸಮ ನಿದ್ದೆ ಮಾಡುವುದಿಲ್ಲ. ನಾವೂ ನಡುನಡುವೆ ಅರೆಎಚ್ಚರವಾಗಿ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ, ಬೆಳಿಗ್ಗೆ ನೆನಪಿರುವುದಿಲ್ಲ ಅಷ್ಟೆ. ದೊಡ್ಡವರಲ್ಲಿ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಚಿಕ್ಕ ಮಕ್ಕಳಲ್ಲಿ ಇನ್ನೂ ಕಡಿಮೆ. ಕಣ್ಣು ಮುಚ್ಚುವಾಗ ಪಕ್ಕದಲ್ಲಿ ಅಮ್ಮ, ಬಿಟ್ಟಾಗ ಯಾರೂ ಇಲ್ಲ. ಬಸ್ಸಲ್ಲಿ ಜೊತೆಗಿದ್ದವರ ಹೆಗಲಿಗೆ ಒರಗಿ ಮಲಗಿ, ಎದ್ದಾಗ ಸೀಟು ಖಾಲಿ ಇದ್ದರೆ ನಮಗೂ ಗಾಬರಿ ಆಗುತ್ತೆ, ಅಲ್ವಾ?

ಹಾಗಾಗಿ ಕದ್ದು ಎದ್ದು ಬರುವುದನ್ನೇ ಬಿಟ್ಟೆ. ಅವಳು ಎಚ್ಚರ ಇರುವಾಗಲೇ ಹಾಸಿಗೆಯಿಂದ ಇಳಿದು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. "ಕಿವಿ" ಅಂದಳು. "ಕಿವಿಗೂ ನಿದ್ದೆ ಬಂದಿದೆ ಕಂದಾ" ಅಂದೆ. ನಲವತ್ತು ನಿಮಿಷ ಅತ್ತಳು. ಎತ್ತಿಕೊಳ್ಳಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಬೆನ್ನು ಸವರುತ್ತಾ ಕೂತೆ. ಎರಡನೇ ರಾತ್ರಿ ಇನ್ನೂ ಜೋರು. ನಾಲ್ಕನೇ ರಾತ್ರಿ ಹೊದಿಕೆಯ ಮೂಲೆ ಹಿಡಿದು ಉಜ್ಜತೊಡಗಿದಳು. ನಾನು ಅಲ್ಲಾಡಲಿಲ್ಲ. ಮೂರು ಮೂರು ದಿನಕ್ಕೆ ಕುರ್ಚಿ ಒಂದಿಷ್ಟು ಬಾಗಿಲ ಕಡೆ ಸರಿಯಿತು. ಮೂರನೇ ವಾರಕ್ಕೆ ಹೊರಗೇ ಹೋಯಿತು. (ಒಂದು ವರ್ಷದೊಳಗಿನ ಮಗುವಿನ ಹತ್ತಿರ ಮಾತ್ರ ಹೊದಿಕೆ, ದಿಂಬು ಬಿಡಬೇಡಿ.)

ಒಂದು ತಪ್ಪು ಮಾಡಿದ್ದೆ. ಮೊದಲ ದಿನವೇ ಎಂಟಕ್ಕೆ ಮಲಗಿಸಿದೆ, ಅವಳಿಗೆ ನಿದ್ದೆ ಬರುತ್ತಿದ್ದುದು ಒಂಬತ್ತೂವರೆಗೆ. ನಿದ್ದೆಯೇ ಬರದ ಮಗು ಹಾಸಿಗೆಯಲ್ಲಿ ಸುಮ್ನೆ ಮಲಗಿ ಏನು ಮಾಡೀತು? ಮೊದಮೊದಲು ಅವರಿಗೆ ನಿದ್ದೆ ಬರುವ ಹೊತ್ತಿಗೇ ಮಲಗಿಸಿ. ರೂಢಿಯಾದ ಮೇಲೆ ಹದಿನೈದು ಹದಿನೈದು ನಿಮಿಷ ಬೇಗ ಮಲಗಿಸುತ್ತಾ ಬನ್ನಿ. ಒಂದರಿಂದ ಎರಡು ವರ್ಷದವರಿಗೆ ಮಧ್ಯಾಹ್ನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಮೂರರಿಂದ ಐದು ವರ್ಷದವರಿಗೆ 10ರಿಂದ 13. ಸಂಜೆ ಐದರವರೆಗೆ ಮಲಗಿದ ಮಗು ರಾತ್ರಿ ಆಟಕ್ಕೆ ಕರೆದರೆ ತಪ್ಪು ಅದರದ್ದಲ್ಲ.

ಬಾಗಿಲು ಹಾಕಿಕೊಂಡು ಹೊರಗೆ ನಿಂತು, ಆಗಾಗ ಒಳಗೆ ಹೋಗಿ ಸಮಾಧಾನ ಮಾಡಿ ಬರುವವರೂ ಇದ್ದಾರೆ. ಅವರನ್ನು ಕಲ್ಲುಮನಸ್ಸಿನವರು ಅನ್ನಬೇಡಿ. ಆಸ್ಟ್ರೇಲಿಯಾದಲ್ಲಿ ಈ ದಾರಿಯನ್ನೂ ನನ್ನ ಕುರ್ಚಿಯಂಥ ದಾರಿಯನ್ನೂ ಪರೀಕ್ಷಿಸಿ, ಆ ಕೂಸುಗಳು ಆರು ವರ್ಷದವರಾದಾಗ ಮತ್ತೆ ನೋಡಿದ್ದರು. 2012ರಲ್ಲಿ ಬಂದ ಆ ವರದಿಯಲ್ಲಿ ಮಕ್ಕಳಿಗೆ ಹಾನಿಯಾದದ್ದು ಕಾಣಲಿಲ್ಲ. ನನಗೆ ಹೊರಗೆ ನಿಲ್ಲೋಕೆ ಆಗಲಿಲ್ಲ, ಅಷ್ಟೇ.

ಹೊಸ ಪಾಪು ಬರುವ ತಿಂಗಳಲ್ಲಿ, ಹುಷಾರಿಲ್ಲದಾಗ ಶುರು ಮಾಡಬೇಡಿ. ಇಳಿದು ಓಡಾಡುವ ಮಗುವಾದರೆ, ಮೈಮೇಲೆ ಬೀಳದ ಹಾಗೆ ಬೀರುವನ್ನು ಗೋಡೆಗೆ ಬಿಗಿದುಬಿಡಿ.

ಹೋದ ತಿಂಗಳು ಜ್ವರ ಬಂದಾಗ ನಾಲ್ಕು ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು, ಕಿವಿಯೂ ಸಿಕ್ಕಿತು. ಐದನೇ ರಾತ್ರಿ ಕುರ್ಚಿ ಮತ್ತೆ ಒಳಗೆ ಬಂತು. ಎರಡೇ ದಿನಕ್ಕೆ ಹೊರಗೆ ಹೋಯಿತು. ಹೊದಿಕೆಯ ಆ ಮೂಲೆ ಈಗ ಉಜ್ಜಿ ಉಜ್ಜಿ ಕಿವಿಯಷ್ಟೇ ಮೆತ್ತಗಾಗಿದೆ. ಅದನ್ನು ಒಗೆಯಲು ಹಾಕಿದ ದಿನ ಮಾತ್ರ ನನ್ನ ಪಾಡು ಕೇಳಬೇಡಿ.