ಬೀಗದ ಕೈ ಯಾರ ಜೇಬಿನಲ್ಲಿದೆ?

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷದ ಮಾತು. ದೊಡ್ಡ ಮಿಕ್ಸರ್ ಒಂದರ ಒಳಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿದ್ದ ಪದಾರ್ಥವನ್ನು ಕೆರೆದು ತೆಗೆಯುವ ಕೆಲಸ ನಡೆದಿತ್ತು. ಒಳಗೆ ಇಬ್ಬರು ಕೆಲಸಗಾರರಿದ್ದರು, ಹೊರಗೆ ನಾನಿದ್ದೆ. ಮೋಟಾರಿನ ಸ್ವಿಚ್ ಆಫ್ ಮಾಡಿ, ‘ಕೆಲಸ ನಡೆಯುತ್ತಿದೆ, ಚಾಲೂ ಮಾಡಬೇಡಿ’ ಎಂಬ ಬೋರ್ಡನ್ನು ಪ್ಯಾನೆಲ್‌ನ ಹಿಡಿಗೆ ನಾನೇ ತಂತಿಯಿಂದ ಕಟ್ಟಿದ್ದೆ. ಮಧ್ಯಾಹ್ನ ಶಿಫ್ಟ್ ಬದಲಾಯಿತು. ಹೊಸದಾಗಿ ಬಂದ ಆಪರೇಟರ್ ಬೋರ್ಡನ್ನು ನೋಡದೆ ಇರಲಿಲ್ಲ. ಆದರೆ ಅದೇ ಬೋರ್ಡ್ ಹಿಂದಿನ ವಾರ ಕೆಲಸ ಮುಗಿದು ಮೂರು ದಿನವಾದರೂ ಅಲ್ಲಿಯೇ ನೇತಾಡುತ್ತಿದ್ದುದರಿಂದ, ಈ ಸಲವೂ ಯಾರೋ ತೆಗೆಯಲು ಮರೆತಿದ್ದಾರೆಂದು ಭಾವಿಸಿ, ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು, ಸ್ವಿಚ್ ಹಾಕಿ ಸ್ಟಾರ್ಟ್ ಬಟನ್ ಒತ್ತಿದ. ಪ್ಯಾನೆಲ್‌ನೊಳಗೆ ಮೋಟಾರಿಗೆ ವಿದ್ಯುತ್ ಜೋಡಿಸುವ ಕಾಂಟ್ಯಾಕ್ಟರ್ ‘ಟಕ್’ ಎಂದು ಕೂತ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮಿಕ್ಸರ್ ಮಾತ್ರ ತಿರುಗಲಿಲ್ಲ.

ಅದು ತಿರುಗದಿರಲು ಕಾರಣ ನನ್ನ ಬೋರ್ಡ್ ಅಲ್ಲ. ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಬೆಳಿಗ್ಗೆಯೇ ಮೋಟಾರಿನ ಮೂರೂ ಫ್ಯೂಸ್ ಕ್ಯಾರಿಯರ್‌ಗಳನ್ನು ಕಳಚಿ ಜೇಬಿಗೆ ಹಾಕಿಕೊಂಡಿದ್ದರು. ಅವರ ಪಾಳಿ ಮುಗಿದಿದ್ದರೂ ಒಳಗಿನವರು ಹೊರಗೆ ಬರುವವರೆಗೆ ಅವರು ಮನೆಗೆ ಹೊರಟಿರಲಿಲ್ಲ. ನಾನು ನಡುಗುತ್ತ ಅವರ ಬಳಿ ಹೋದಾಗ ಅವರು ಹೇಳಿದ್ದು ಇಷ್ಟೇ: “ಬೋರ್ಡು ಓದದವನೂ ಫ್ಯೂಸ್ ಇಲ್ಲದೆ ಮಷೀನ್ ಓಡಿಸಲಾರ, ಸಾರ್.”

ಕಾರ್ಖಾನೆಗಳ ಸುರಕ್ಷತಾ ನಿಯಮಗಳನ್ನು ನಾನು ಅಂದಿನಿಂದ ಬೇರೆ ರೀತಿಯಲ್ಲಿ ಓದಲು ಆರಂಭಿಸಿದೆ. ಒಂದು ನಿಯಮ ಎಷ್ಟು ಪುಟಗಳಲ್ಲಿದೆ, ಎಷ್ಟು ಸಹಿಗಳನ್ನು ಕೇಳುತ್ತದೆ ಎಂಬುದಕ್ಕಿಂತ, ಅಪಾಯವನ್ನು ತಡೆಯುವ ಹಿಡಿತವನ್ನು ಅದು ಯಾರ ಕೈಗೆ ಕೊಡುತ್ತದೆ ಎಂಬುದನ್ನು ಮೊದಲು ನೋಡುತ್ತೇನೆ. ಯಂತ್ರದೊಳಗೆ ಕೈ ಇಟ್ಟವನ ಬಳಿಯೇ ಆ ಹಿಡಿತ ಇರಬೇಕು. ಅದು ಮತ್ತೊಬ್ಬನ ನೆನಪಿನಲ್ಲೋ ಗಮನದಲ್ಲೋ ಒಳ್ಳೆಯತನದಲ್ಲೋ ಇರುವುದಾದರೆ, ನಿಯಮವು ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಒಳಗಿರುವವನು ಅದೃಷ್ಟವನ್ನು ನಂಬಿಕೊಂಡೇ ಕೆಲಸ ಮಾಡುತ್ತಿರುತ್ತಾನೆ.

ಯಂತ್ರ ಓಡುತ್ತಿರುವಾಗ ಜನರು ಸಹಜವಾಗಿಯೇ ದೂರ ನಿಲ್ಲುತ್ತಾರೆ. ಅದು ನಿಂತಾಗ, ಸ್ವಚ್ಛಗೊಳಿಸುವಾಗ, ಸಿಕ್ಕಿಕೊಂಡದ್ದನ್ನು ಬಿಡಿಸುವಾಗ, ರಿಪೇರಿ ಮಾಡುವಾಗ ಮನುಷ್ಯನ ದೇಹ ಅದರೊಳಗೆ ಹೋಗುತ್ತದೆ. ಇದು ಹೊಸ ತಿಳಿವಳಿಕೆಯೇನೂ ಅಲ್ಲ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆ ನಾಲ್ವರು ಇನ್‌ಸ್ಪೆಕ್ಟರ್‌ಗಳನ್ನು ನೇಮಿಸಿತ್ತು. 1844ರ ಕಾಯ್ದೆ ಯಂತ್ರಗಳಿಗೆ ತಡೆಬೇಲಿ ಹಾಕುವುದನ್ನು ಕಡ್ಡಾಯ ಮಾಡಿದ್ದಲ್ಲದೆ, ಓಡುತ್ತಿರುವ ಯಂತ್ರಗಳನ್ನು ಮಕ್ಕಳ ಕೈಯಿಂದ ಸ್ವಚ್ಛ ಮಾಡಿಸುವುದನ್ನೂ ನಿಷೇಧಿಸಿತು. ಆದರೆ ನಿಂತ ಯಂತ್ರ ನಿಂತೇ ಇರುತ್ತದೆ ಎಂಬ ಖಾತರಿಯನ್ನು ಕೆಲಸಗಾರನ ಕೈಗೇ ಕೊಡುವ ವಿವರವಾದ ನಿಯಮ ಬರಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ‘ಲಾಕ್‌ಔಟ್–ಟ್ಯಾಗ್‌ಔಟ್’ ಎಂದು ಕರೆಯುವ ಈ ನಿಯಮ ಹೊರಬಂದದ್ದು 1989ರಲ್ಲಿ.

ಅದರ ತಿರುಳು ಸರಳವಾಗಿದೆ. ಯಂತ್ರಕ್ಕೆ ಶಕ್ತಿ ಬರುವ ಪ್ರತಿಯೊಂದು ದಾರಿಯನ್ನೂ ಮುಚ್ಚಿ, ಕೆಲಸ ಮಾಡುವ ಪ್ರತಿಯೊಬ್ಬನೂ ಅಲ್ಲಿ ತನ್ನದೇ ಬೀಗವನ್ನು ಹಾಕಬೇಕು. ಆ ಬೀಗದ ಕೈ ಅವನ ಬಳಿಯೇ ಇರಬೇಕು. ಆರು ಜನ ಒಳಗಿಳಿದರೆ ಆರು ಬೀಗಗಳು. ಐದು ಜನ ಕೆಲಸ ಮುಗಿಸಿ ತಮ್ಮ ಬೀಗ ತೆಗೆದುಕೊಂಡು ಹೋದರೂ ಆರನೆಯವನ ಬೀಗ ಇರುವವರೆಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ಬ್ರೇಕರ್ ಮೇಲಕ್ಕೆ ಏಳುವುದಿಲ್ಲ. ಇಲ್ಲಿ ಯಾರ ನೆನಪಿನ ಶಕ್ತಿಗೂ ಕೆಲಸವಿಲ್ಲ. ಮೇಲಧಿಕಾರಿಯ ಅವಸರಕ್ಕೂ ಆ ಕಬ್ಬಿಣ ಬಗ್ಗುವುದಿಲ್ಲ.

ಆದರೆ ವಿದ್ಯುತ್ತನ್ನು ಕತ್ತರಿಸಿದರೆ ಮುಗಿಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಮೇಲಕ್ಕೆತ್ತಿ ನಿಲ್ಲಿಸಿದ ಪ್ರೆಸ್ಸಿನ ರ‍್ಯಾಮ್ ಬೀಳಲು ಕರೆಂಟ್ ಬೇಕಿಲ್ಲ, ಅದರ ತೂಕವೇ ಸಾಕು. ಏರ್ ಸಿಲಿಂಡರಿನಲ್ಲಿ ಉಳಿದ ಒತ್ತಡ, ಬಿಗಿದ ಸ್ಪ್ರಿಂಗ್, ಪೈಪಿನಲ್ಲಿ ಸಿಕ್ಕಿಕೊಂಡ ಉಗಿ, ಕೆಪ್ಯಾಸಿಟರಿನಲ್ಲಿ ಕೂತ ಚಾರ್ಜ್ — ಇವೆಲ್ಲ ಸ್ವಿಚ್ ಆಫ್ ಆದ ಮೇಲೂ ಕಾದು ಕುಳಿತಿರುತ್ತವೆ. ಆದ್ದರಿಂದ ಬೀಗ ಹಾಕಿದ ಮೇಲೆ ಒತ್ತಡವನ್ನು ಹೊರಗೆ ಬಿಡಬೇಕು, ಬೀಳುವಂಥದ್ದಕ್ಕೆ ಆಧಾರ ಕೊಡಬೇಕು, ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ಏನೂ ಚಲಿಸುವುದಿಲ್ಲ ಎಂದು ಕಣ್ಣಾರೆ ನೋಡಬೇಕು. ವಿದ್ಯುತ್ ಇಲ್ಲವೆಂದು ಟೆಸ್ಟರ್ ತೋರಿಸಿದರೆ ಸಾಲದು. ಆ ಟೆಸ್ಟರ್ ಕೆಟ್ಟಿಲ್ಲವೆಂದು ಮೊದಲು ವಿದ್ಯುತ್ ಇರುವ ಕಡೆ, ಬಳಿಕ ಕೆಲಸದ ಜಾಗದಲ್ಲಿ, ಮತ್ತೆ ವಿದ್ಯುತ್ ಇರುವ ಕಡೆ ಹೀಗೆ ಮೂರು ಸಲ ನೋಡಬೇಕು. ಮೂರನೆಯ ಸಲದ ಪರೀಕ್ಷೆಯನ್ನು ಅನುಭವಿಗಳೂ ಬಿಟ್ಟುಬಿಡುವುದನ್ನು ಕಂಡಿದ್ದೇನೆ. ನಡುವೆ ಟೆಸ್ಟರ್ ಕೈಕೊಟ್ಟಿದ್ದರೆ ಅದನ್ನು ಹೇಳುವುದು ಆ ಒಂದು ಪರೀಕ್ಷೆ ಮಾತ್ರ.

ಕೆಲಸ ಒಂದು ಪಾಳಿಯಲ್ಲಿ ಮುಗಿಯದಿದ್ದಾಗ ಈ ಹಿಡಿತ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕಾಗುತ್ತದೆ. ಅತ್ಯಂತ ಅಪಾಯದ ಗಳಿಗೆ ಅದೇ. ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಪರೀಕ್ಷೆಗಾಗಿ ಬಿಚ್ಚಿದ್ದರು. ಆ ಬಾಯಿಗೆ ತಾತ್ಕಾಲಿಕವಾಗಿ ಒಂದು ಮುಚ್ಚಳದ ಫ್ಲೇಂಜ್ ಕೂರಿಸಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಪಂಪಿನ ದುರಸ್ತಿಗೆ ಒಂದು ಪರ್ಮಿಟ್ (ಕೆಲಸದ ಅನುಮತಿ ಪತ್ರ), ವಾಲ್ವಿಗೆ ಇನ್ನೊಂದು ಪರ್ಮಿಟ್ ಇದ್ದವು. ವಾಲ್ವ್ ಇಲ್ಲವೆಂಬ ಸಂಗತಿ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ರಾತ್ರಿ ಇನ್ನೊಂದು ಪಂಪ್ ನಿಂತುಹೋದಾಗ ಅವರು ಈ ಪಂಪನ್ನು ಚಾಲೂ ಮಾಡಲು ಮುಂದಾದರು. ಮುಚ್ಚಳದ ಬಳಿ ಸೋರಿದ ಅನಿಲ ದ್ರವಕ್ಕೆ ಬೆಂಕಿ ಹತ್ತಿ ಒಟ್ಟು 167 ಜನ ಸತ್ತರು. ಲಾರ್ಡ್ ಕಲನ್ ಅವರ ತನಿಖಾ ವರದಿ 1990ರಲ್ಲಿ 106 ಶಿಫಾರಸುಗಳನ್ನು ಮುಂದಿಟ್ಟಿತು. ಪರ್ಮಿಟ್ ಎಂಬ ಕಾಗದ ಅಲ್ಲಿ ಇರಲಿಲ್ಲ ಎಂದಲ್ಲ. ಕಾಗದವಿತ್ತು, ಸಹಿಯೂ ಇತ್ತು. ಪಂಪಿನ ಗುಂಡಿಯ ಮೇಲೆ ಬೆರಳಿಟ್ಟವನ ಎದುರಿಗೆ ಆ ಕಾಗದ ಇರಲಿಲ್ಲ.

ಶಿಫ್ಟ್ ಹಸ್ತಾಂತರವನ್ನು ಕಚೇರಿಯ ಮೇಜಿನ ಬಳಿ, ರಿಜಿಸ್ಟರ್ ತೋರಿಸಿ ಮುಗಿಸುವ ಪದ್ಧತಿಯನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಹೋಗುವವನೂ ಬರುವವನೂ ಒಟ್ಟಿಗೆ ಯಂತ್ರದ ಎದುರು ನಿಲ್ಲಬೇಕು. ಬರುವವನು ತನ್ನ ಬೀಗ ಹಾಕಿದ ಮೇಲೆಯೇ ಹೋಗುವವನು ತನ್ನದನ್ನು ತೆಗೆಯಬೇಕು. ಹತ್ತು ನಿಮಿಷ ಹೆಚ್ಚು ಬೇಕಾಗುತ್ತದೆ, ನಿಜ. ಆ ಹತ್ತು ನಿಮಿಷವನ್ನು ಪಾಳಿಯ ಅವಧಿಯೊಳಗೆ ಸೇರಿಸಿ ಸಂಬಳ ಕೊಡದ ಕಾರ್ಖಾನೆ, ನಿಯಮವನ್ನು ತಾನೇ ಮುರಿಸುತ್ತಿದೆ ಎಂದೇ ನಾನು ಹೇಳುತ್ತೇನೆ.

ಬೀಗ ಎಂದ ಕೂಡಲೇ ಅದು ರಕ್ಷಣೆ ಎಂದು ತಿಳಿಯುವಂತೆಯೂ ಇಲ್ಲ. ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಬಿದ್ದಾಗ 146 ಜನ ಸತ್ತರು; ಒಂಬತ್ತನೆಯ ಮಹಡಿಯಿಂದ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು, ಅದರ ಕೈ ಒಳಗೆ ಸಿಕ್ಕಿಕೊಂಡವರ ಬಳಿ ಇರಲಿಲ್ಲ. ತುರ್ತು ಬಾಗಿಲು ಒಳಗಿನಿಂದ, ಕೀಲಿಯ ಹಂಗಿಲ್ಲದೆ, ಹೊರಮುಖವಾಗಿ ತೆರೆದುಕೊಳ್ಳಬೇಕೆಂಬ ನಿಯಮ ಯಾಕೆ ಅಷ್ಟು ಕಟ್ಟುನಿಟ್ಟಾಗಿದೆ ಎಂದು ಕೇಳುವವರಿಗೆ ನಾನು ಈ ಒಂದು ಬಾಗಿಲಿನ ಕಥೆಯನ್ನು ಹೇಳುತ್ತೇನೆ.

ಟ್ಯಾಂಕು, ಗುಂಡಿ, ಬಾಯ್ಲರ್‌ಗಳಂಥ ಇಕ್ಕಟ್ಟಾದ ಜಾಗಗಳ ನಿಯಮಗಳಲ್ಲಿ ಮನಸ್ಸಿಗೆ ಒಪ್ಪಿಸುವುದೇ ಕಷ್ಟವಾದ ಒಂದು ಮಾತಿದೆ: ಒಳಗಿನವನು ಕುಸಿದು ಬಿದ್ದರೆ ಹೊರಗೆ ಕಾವಲು ನಿಂತವನು ಒಳಗೆ ಇಳಿಯಬಾರದು. ಇದು ಕಲ್ಲು ಹೃದಯದ ನಿಯಮದಂತೆ ಕೇಳಿಸುತ್ತದೆ. ಗಾಳಿಯಲ್ಲಿ ಸಹಜವಾಗಿ ಶೇ. 20.9ರಷ್ಟು ಆಮ್ಲಜನಕವಿರುತ್ತದೆ, ಶೇ. 19.5ಕ್ಕಿಂತ ಕಡಿಮೆಯಾದರೆ ಒಳಗೆ ಹೋಗಲು ಯೋಗ್ಯವಲ್ಲ ಎಂದು ಲೆಕ್ಕ. ಬಹುಕಾಲ ಮುಚ್ಚಿಟ್ಟ ಕಬ್ಬಿಣದ ಟ್ಯಾಂಕಿನಲ್ಲಿ ಯಾವ ವಿಷಾನಿಲವೂ ಇಲ್ಲದೆ, ಬರೀ ತುಕ್ಕು ಹಿಡಿಯುವುದರಿಂದಲೇ ಆಮ್ಲಜನಕ ಇಳಿದಿರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲನೆಯವನನ್ನು ಕೆಡವಿದ ಗಾಳಿ ಕಾಪಾಡಲು ಇಳಿದ ಎರಡನೆಯವನನ್ನೂ ಮೂರನೆಯವನನ್ನೂ ಬಿಡುವುದಿಲ್ಲ. ಇಂಥ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕಿಂತ ಹೆಚ್ಚಿನವರು ಬೇರೆಯವರನ್ನು ಕಾಪಾಡಲು ಹೋದವರು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆಯಾದ ನಿಯೋಶ್ 1986ರಲ್ಲಿಯೇ ಎಚ್ಚರಿಸಿತ್ತು. ಕಣ್ಣೆದುರು ಜೊತೆಗಾರ ಬಿದ್ದಿರುವಾಗ ‘ಇಳಿಯಬೇಡ’ ಎಂಬ ಮಾತನ್ನು ಬರೀ ಬಾಯಿಪಾಠದಿಂದ ಪಾಲಿಸಲು ಯಾರಿಂದಲೂ ಆಗುವುದಿಲ್ಲ. ಒಳಗೆ ಹೋಗುವವನಿಗೆ ಮೊದಲೇ ಮೈಗೆ ಬಿಗಿಯುವ ಹಾರ್ನೆಸ್ ತೊಡಿಸಿ, ಹಗ್ಗ ಕಟ್ಟಿ, ಮೇಲೆ ಮುಕ್ಕಾಲಿ ನಿಲ್ಲಿಸಿ ಕೈರಾಟೆ ಜೋಡಿಸಿದ್ದರೆ ಕಾವಲಿನವನ ಕೈಗೆ ಮಾಡಲು ಒಂದು ಕೆಲಸವಿರುತ್ತದೆ. ರಾಟೆ ತಿರುಗಿಸಲು ಬರುವವನು ಗುಂಡಿಗೆ ಹಾರುವುದಿಲ್ಲ.

ಯಂತ್ರದ ಚಲಿಸುವ ಭಾಗಗಳನ್ನು ಮುಚ್ಚುವ ಗಾರ್ಡ್‌ಗಳ ವಿಷಯದಲ್ಲಿ ನನಗೆ ತಿಳಿದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಗಾರ್ಡ್ ತೆರೆದ ಕೂಡಲೇ ಯಂತ್ರ ನಿಲ್ಲುವಂತೆ ಲಿಮಿಟ್ ಸ್ವಿಚ್ ಹಾಕಿರುತ್ತಾರೆ. ಕೆಲವೇ ದಿನಗಳಲ್ಲಿ ಆ ಸ್ವಿಚ್ಚಿಗೆ ಯಾರೋ ತಂತಿ ಸುತ್ತಿರುತ್ತಾರೆ. ತಪಾಸಣೆಯವರು ಆಪರೇಟರಿಗೆ ನೋಟಿಸ್ ಕೊಟ್ಟು ಹೋಗುತ್ತಾರೆ. ಅಂಥ ಒಂದು ಯಂತ್ರದ ಬಳಿ ನಾನು ಇಡೀ ಪಾಳಿ ಕುಳಿತು ಎಣಿಸಿದೆ. ಮಾಲು ಸಿಕ್ಕಿಹಾಕಿಕೊಂಡದ್ದು ಇಪ್ಪತ್ತಮೂರು ಸಲ. ಪ್ರತಿ ಸಲ ಗಾರ್ಡ್ ತೆರೆದರೆ ಯಂತ್ರ ನಿಂತು, ಮತ್ತೆ ಮೊದಲಿನಿಂದ ಚಾಲೂ ಆಗಿ, ಗಂಟೆಯ ಗುರಿ ತಪ್ಪುತ್ತಿತ್ತು. ಮಾಲು ಜಾರುವ ತಗಡಿನ ಓರೆಯನ್ನು ಸ್ವಲ್ಪ ಬದಲಿಸಿದ ಮೇಲೆ ಸಿಕ್ಕಿಕೊಳ್ಳುವುದು ಪಾಳಿಗೆ ಒಂದೆರಡಕ್ಕೆ ಇಳಿಯಿತು. ತಂತಿಯನ್ನು ಆಪರೇಟರ್ ತಾನಾಗಿಯೇ ಬಿಚ್ಚಿ ನನ್ನ ಕೈಗೆ ಕೊಟ್ಟ.

ಅಪಘಾತಕ್ಕೆ ರಕ್ತವಿದೆ, ಸದ್ದಿದೆ. ಕಾಯಿಲೆಗೆ ಎರಡೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2023ರ ಅಂದಾಜಿನಂತೆ ಕೆಲಸದ ಕಾರಣದಿಂದ ವರ್ಷಕ್ಕೆ ಸುಮಾರು 30 ಲಕ್ಷ ಜನ ಸಾಯುತ್ತಾರೆ. ಅವರಲ್ಲಿ 26 ಲಕ್ಷದಷ್ಟು ಜನ ಸಾಯುವುದು ಕಾಯಿಲೆಯಿಂದ. ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ಧೂಳಿನಲ್ಲಿ ಕೊಲ್ಲುವ ಕಣ ಕಣ್ಣಿಗೆ ಕಾಣುವುದೇ ಇಲ್ಲ. ಇಲ್ಲಿಯೂ ನಾನು ಕೇಳುವುದು ಅದೇ ಪ್ರಶ್ನೆ. ಮಾಸ್ಕ್ ಕೊಟ್ಟು ಕೈತೊಳೆದುಕೊಂಡರೆ ಹೊಣೆಯೆಲ್ಲ ಎಂಟು ಗಂಟೆ ಅದರೊಳಗೆ ಉಸಿರಾಡುವವನ ಮೇಲೆ ಬೀಳುತ್ತದೆ. ಗರಗಸದ ಅಲಗಿಗೆ ನೀರು ಬಿಟ್ಟು ಧೂಳು ಏಳದಂತೆ ಮಾಡುವ ನಲ್ಲಿ ಮಾತ್ರ ಆಡಳಿತದ ಕೈಯಲ್ಲಿರುತ್ತದೆ. ಹೆಲ್ಮೆಟ್, ಮಾಸ್ಕ್, ಗ್ಲೌಸ್‌ಗಳು ರಕ್ಷಣೆಯ ಸಾಲಿನಲ್ಲಿ ಕೊನೆಯವು. ಅಪಾಯವನ್ನೇ ತೆಗೆಯುವುದು, ಆಗದಿದ್ದರೆ ಕಡಿಮೆ ಅಪಾಯದ್ದನ್ನು ಬಳಸುವುದು, ಬಳಿಕ ಯಂತ್ರದಲ್ಲಿಯೇ ತಡೆ ಕಟ್ಟುವುದು, ಅದರ ಮೇಲೆ ಕ್ರಮ ಮತ್ತು ತರಬೇತಿ — ಇಷ್ಟೂ ಆದ ಮೇಲೆ ಅವುಗಳ ಸರದಿ.

ಗಂಭೀರ ಅಪಾಯ ಎದುರಿಗಿದೆ ಎಂದು ಸಕಾರಣವಾಗಿ ನಂಬಿ ಕೆಲಸದಿಂದ ಹಿಂದೆ ಸರಿದವನನ್ನು ಶಿಕ್ಷಿಸಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೆಯ ಒಡಂಬಡಿಕೆ ಹೇಳುತ್ತದೆ. ಅದೂ ಕೂಡ ಒಂದು ಬೀಗದ ಕೈ ಎಂದೇ ನಾನು ಭಾವಿಸುತ್ತೇನೆ.

ಈಗ ಯಾವುದೇ ಘಟಕಕ್ಕೆ ಹೋದರೂ ನಾನು ಮೊದಲು ಕೇಳುವುದು ಡೂಪ್ಲಿಕೇಟ್ ಕೈ ಎಲ್ಲಿದೆ ಎಂದು. ಸೂಪರ್‌ವೈಸರನ ಡ್ರಾಯರಿನಲ್ಲಿ ಎಲ್ಲ ಬೀಗಗಳ ಎರಡನೆಯ ಕೈಗಳ ಗೊಂಚಲಿದ್ದರೆ ಅಲ್ಲಿ ಹಾಕಿದ ಬೀಗ ನನ್ನ ಹಳೆಯ ಬೋರ್ಡಿಗೆ ಸಮ. ಬೇರೊಬ್ಬನ ಬೀಗವನ್ನು ತೆಗೆಯಲೇಬೇಕಾದರೆ ಅವನು ಕಾರ್ಖಾನೆಯೊಳಗೆ ಇಲ್ಲವೆಂದು ಹುಡುಕಿ ಖಚಿತಪಡಿಸಿಕೊಳ್ಳಬೇಕು, ಅವನನ್ನು ಸಂಪರ್ಕಿಸಲು ಪ್ರಯತ್ನಿಸಬೇಕು, ಅವನು ಮತ್ತೆ ಕೆಲಸಕ್ಕೆ ಇಳಿಯುವ ಮೊದಲು ಬೀಗ ತೆಗೆದ ವಿಷಯ ಅವನಿಗೆ ತಿಳಿದಿರಬೇಕು. ಒಂದು ರಾತ್ರಿ ಎಲ್ಲ ಕೆಲಸ ಮುಗಿದು, ಕನ್ವೇಯರಿನ ಬ್ರೇಕರ್ ಮೇಲೆ ಒಂದೇ ಒಂದು ಬೀಗ ಉಳಿದಿತ್ತು. ಫಿಟ್ಟರ್ ಮರೆತು ಮನೆಗೆ ಹೋಗಿದ್ದ. ಕಟರ್ ತರಲೇ ಎಂದು ಹುಡುಗನೊಬ್ಬ ಕೇಳಿದ. ಬೇಡವೆಂದು ಫೋನ್ ಮಾಡಿದೆವು. ಅವನು ನಿದ್ದೆಗಣ್ಣಿನಲ್ಲಿ ಬಂದು, ಬೆಲ್ಟಿನ ಎರಡೂ ಬದಿ ಟಾರ್ಚ್ ಹಿಡಿದು ನೋಡಿ, ತನ್ನ ಬೀಗವನ್ನು ತಾನೇ ತೆಗೆದ. ಲೈನ್ ಐವತ್ತು ನಿಮಿಷ ನಿಂತಿತ್ತು. ನಿಂತ ಕಾರಣದ ಕಾಲಂನಲ್ಲಿ ‘ಬೀಗದ ಕೈಗಾಗಿ ಕಾಯಲಾಯಿತು’ ಎಂದು ಬರೆದು ಸಹಿ ಮಾಡಿದೆ. ಬೆಳಿಗ್ಗೆ ಅದರ ಕೆಳಗೆ ಮ್ಯಾನೇಜರ್ ಕೂಡ ಸಹಿ ಹಾಕಿದರು, ಏನನ್ನೂ ಕೇಳಲಿಲ್ಲ.